ಗೋಡೆಯಾಚೆಯ ಬ್ಯಾಂಡು

“ಹಾಂಗಾ ವಿಕಪಾಕ್ ಜಾಯ್ನಾ,” ಇಲ್ಲಿ ಮಾರುವಂತಿಲ್ಲ, ಎಂದು ಮೈದಾನದ ಗೇಟಿನಲ್ಲಿ ನಿಂತವನು ಕೈ ಅಡ್ಡ ಹಿಡಿದ. ಸೋನಿಬಾಯಿಯ ಕನ್ನಡಿ ಕೂರಿಸಿದ ಕುಪ್ಪಸ, ತೋಳಿನುದ್ದಕ್ಕೂ ಏರಿದ ಬಿಳಿ ಬಳೆಗಳನ್ನು ನೋಡಿ, ಬೀಚಿನಲ್ಲಿ ಚಾದರ ಮಾರುವವಳು ಇಲ್ಲಿಗೂ ಮಾರಲು ಬಂದಳೆಂದು ತಿಳಿದಿದ್ದ.

ಸೋನಿಬಾಯಿ ಅಲ್ಲಿಂದಲೇ ತಿರುಗಿದಳು. “ನಡೀರಿ, ಮನಿಗೆ ಹೋಗೂಣು. ಸೀರಿ ಉಟಗೊಂಡ ಬರ್ತೀನಿ ಅಂದ್ರ ನೀವು ಕೇಳಲಿಲ್ಲ.”

ಅವಳ ಗಂಡ ಖೇಮಪ್ಪ ಜೇಬಿನಿಂದ ಎರಡು ಟಿಕೀಟು ತೆಗೆದು ಹಿಡಿದ. ಮುರ್ಮುಗಾಂವ್ ಬಂದರಿನಲ್ಲಿ ಅದಿರು ತುಂಬುವ ಯಂತ್ರದ ಪಕ್ಕ ದುಡಿದು ದುಡಿದು ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. “ಮಾರಾಕ ಬಂದಿಲ್ಲಪಾ. ಕೇಳಾಕ ಬಂದೇವಿ,” ಎಂದ ದನಿಗೆ ಇಡೀ ಸಾಲೇ ತಿರುಗಿ ನೋಡಿತು. ಗೇಟಿನವನಿಗೆ ಕನ್ನಡ ಬಾರದಿದ್ದರೂ ಮಾತು ತಿಳಿಯಿತು. ನಾಲಿಗೆ ಕಚ್ಚಿಕೊಂಡು ದಾರಿ ಬಿಟ್ಟ.

ಈ ಬ್ಯಾಂಡನ್ನು ಸೋನಿಬಾಯಿ ವರ್ಷಗಟ್ಟಲೆ ಕೇಳಿದ್ದಳು, ಒಮ್ಮೆಯೂ ನೋಡಿರಲಿಲ್ಲ. ಅವಳು ವ್ಯಾಪಾರಕ್ಕೆ ಕೂರುತ್ತಿದ್ದದ್ದು ಸಮುದ್ರದಂಡೆಯ ಹೋಟೆಲೊಂದರ ಕಾಂಪೌಂಡಿಗೆ ಒರಗಿಕೊಂಡು. ಶನಿವಾರ ಸಂಜೆ ಒಳಗೆ ಹಾಡು ಶುರುವಾಯಿತೆಂದರೆ, ಗಿರಾಕಿ ಇರಲಿ ಬಿಡಲಿ, ಅವಳು ಗಂಟು ಕಟ್ಟುತ್ತಿರಲಿಲ್ಲ. ಅದರಲ್ಲೊಂದು ದಪ್ಪ ದನಿ. ಒಮ್ಮೆ ಅತ್ತಂತೆ, ಒಮ್ಮೆ ಕೆಣಕಿದಂತೆ ಗೋಡೆ ಹಾರಿ ಬರುತ್ತಿತ್ತು. ಅದು ಊದುವುದೋ ಮೀಟುವುದೋ ಅವಳಿಗೆ ಗೊತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಅದೇ ಬ್ಯಾಂಡು ವಾಸ್ಕೋದ ಮೈದಾನಕ್ಕೆ ಬರುತ್ತದೆಂದು ಕೇಳಿ ಖೇಮಪ್ಪ ರಾತ್ರಿಪಾಳಿ ಬದಲಿಸಿಕೊಂಡಿದ್ದ.

ವೇದಿಕೆಯ ಮೇಲೆ ಬಿಳಿ ಕೋಟಿನ ಮುದುಕನೊಬ್ಬ ಸೊಟ್ಟಗಿನ ಹಿತ್ತಾಳೆ ಕೊಳವೆಯೊಂದನ್ನು ತುಟಿಗಿಟ್ಟು ಊದಿದ. ಅದೇ ದಪ್ಪ ದನಿ. ಸೋನಿಬಾಯಿ ಗಂಡನ ತೋಳು ಹಿಡಿದಳು.

“ಅದೇ ನೋಡ್ರಿ. ನಾ ಹೇಳ್ತಿದ್ನಲ್ಲಾ, ಅದೇ ಅದು.”

ಅಷ್ಟರಲ್ಲಿ ವೇದಿಕೆಯ ದೀಪವೊಂದು ಹೊರಳಿ ಅವಳ ಮೇಲೆ ಬಿತ್ತು. ಕುಪ್ಪಸದ ಕನ್ನಡಿಗಳಿಂದ ಸಿಡಿದ ಬೆಳಕಿನ ಚುಕ್ಕೆಗಳು ಮುಂದಿದ್ದವರ ಬೆನ್ನ ಮೇಲೆಲ್ಲ ಚೆಲ್ಲಿಕೊಂಡವು. ಜನ ಹಿಂತಿರುಗಿದರು. ಅವಳು ನಾಚಿ ಓಢಣಿ ಎಳೆದು ಮೈ ಮುಚ್ಚಿಕೊಂಡಳು. ಮುಂದೆ ನಿಂತಿದ್ದ ಫ್ರಾಕಿನ ಅಜ್ಜಿ, “ಕಾಡ್ ಗೋ, ಕಾಡ್,” ಎನ್ನುತ್ತ ಆ ಓಢಣಿಯನ್ನು ತಾನೇ ಸರಿಸಿ, ತನ್ನ ಹೊಟ್ಟೆಯ ಮೇಲೆ ಮತ್ತೆ ಮೂಡಿದ ಚುಕ್ಕೆಗಳನ್ನು ತೋರಿಸಿ ನಕ್ಕಳು.

ಸೋನಿಬಾಯಿ ಒಂದು ಭುಜ ಅಲ್ಲಾಡಿಸಿದಳು. ಚುಕ್ಕೆಗಳು ಓಡಿದವು. ಡ್ರಮ್ಮಿನ ಪೆಟ್ಟು ಬಿದ್ದಂತೆ ಇನ್ನೊಂದು ಭುಜ. ಆಮೇಲೆ ಕೈ ಎತ್ತಿ ಗಿರ್ರನೆ ತಿರುಗಿದಳು. ತಾಂಡಾದ ಹೆಂಗಸರ ನಡುವೆ ತಿರುಗಿದ ಹಾಗೆಯೇ. ಸುತ್ತಲಿನವರು ಹಿಂದೆ ಸರಿದು ಜಾಗ ಮಾಡಿಕೊಟ್ಟರು.

“ಬರ್ರಿ,” ಎಂದು ಖೇಮಪ್ಪನನ್ನು ಎಳೆದಳು.

“ನನಗ ಬರೂದಿಲ್ಲ ಮಾರಾಯ್ತಿ.”

“ಈ ಹಾಡಿಗೆ ಕುಣಿಯೂದು ನನಗರ ಎಲ್ಲಿ ಬರತೈತಿ?”

ಖೇಮಪ್ಪ ಕುಣಿದ. ಹಡಗಿನ ಹಗ್ಗ ಜಗ್ಗುವವನಂತೆ ಕುಣಿದ. ಫ್ರಾಕಿನ ಅಜ್ಜಿ ಅವನನ್ನೇ ನೋಡಿ ಹಾಗೆಯೇ ಜಗ್ಗತೊಡಗಿದಳು.

ಎಲ್ಲ ಮುಗಿದು ಬೀದಿ ಖಾಲಿಯಾದ ಮೇಲೆ ಇಬ್ಬರೂ ಆಮ್ಲೇಟಿನ ಗಾಡಿಯ ಮುಂದೆ ಬಿಸಿ ಮಸಾಲೆ ರಸದಲ್ಲಿ ಪಾವು ಅದ್ದಿ ತಿನ್ನುತ್ತಿದ್ದರು. ಬಿಳಿ ಕೋಟಿನ ಮುದುಕನೂ ಬಂದು ಅದೇ ಬೆಂಚಿನ ಮೇಲೆ ಕೂತ. ಸೋನಿಬಾಯಿ ಅವನ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಮುದುಕ ಕೈ ಒರೆಸಿಕೊಂಡು ಪೆಟ್ಟಿಗೆ ತೆರೆದ, ವಾದ್ಯದ ಬಾಯಿಯನ್ನು ಕರವಸ್ತ್ರದಿಂದ ತಿಕ್ಕಿ ಅವಳ ಕೈಗಿಟ್ಟ. “ಬಜಾವ್,” ಎಂದ.

ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ಎಮ್ಮೆಗರು ಕೂಗಿದಂತಾಯಿತು. ಗಾಡಿಯವನು ನಗುತ್ತ ತವೆಯ ಮೇಲಿನ ಮೊಟ್ಟೆ ಮರೆತ. ಮುದುಕ ತನ್ನ ಕೆನ್ನೆ ಬಿಗಿಹಿಡಿದು ತೋರಿಸಿದ. ಸೋನಿಬಾಯಿ ಎದೆ ತುಂಬ ಉಸಿರೆಳೆದು ಊದಿದಳು. ಈ ಸಲ ದನಿ ದಪ್ಪಗೆ, ಉದ್ದಕ್ಕೆ ಹೊರಟು ಬೀದಿಯ ತುದಿಯವರೆಗೆ ಹೋಯಿತು.

ಮೇಲಿನ ಮನೆಯಲ್ಲಿ ದೀಪ ಹತ್ತಿತು. ಬನಿಯನ್ನಿನ ಮನುಷ್ಯನೊಬ್ಬ ಬಾಲ್ಕನಿಗೆ ಬಂದು ಬಗ್ಗಿ ನೋಡಿದ. ಖೇಮಪ್ಪ ಎದ್ದು ನಿಂತು ಕೈ ಮುಗಿದ. ಆ ಮನುಷ್ಯ ಒಳಗೆ ಹೋದ. ಒಂದು ಕುರ್ಚಿ ಎಳೆದು ತಂದು, ಕಟಕಟೆಗೆ ಮೊಣಕೈ ಊರಿ ಕೂತುಕೊಂಡ.