ಸೇತುವೆ ಮೇಲಿನ ಗೂಟಪ್ಪ

ಆ ಆನ್‌ಲೈನ್ ಆಟದಲ್ಲಿ ಹೊಸಬರು ಹುಟ್ಟುವುದು ಹೊಳೆಯ ಈಚೆ ದಡದ ಒಂದು ಹಳ್ಳಿಯಲ್ಲಿ. ಸಂತೆ, ಕಮ್ಮಾರನ ಕುಲುಮೆ, ಕಾಡು, ಕಾಡಿನಾಚೆಯ ಕೋಟೆ ಎಲ್ಲವೂ ಇರುವುದು ಆಚೆ ದಡದಲ್ಲಿ. ನಡುವೆ ಒಂದು ಮರದ ಸೇತುವೆ. ಎದುರಿನಿಂದ ಯಾರಾದರೂ ಬಂದರೆ ಓರೆಯಾಗಿ ನಿಂತು ದಾರಿ ಕೊಡಬೇಕು, ಅಷ್ಟು ಕಿರಿದು.

ಸೇತುವೆಯನ್ನು ಅಷ್ಟು ಕಿರಿದಾಗಿಸಿದವಳು ಆಟದ ವಿನ್ಯಾಸ ಮಾಡಿದ ಹೆಂಗಸು. ಒಬ್ಬರ ಮೈಯೊಳಗೆ ಇನ್ನೊಬ್ಬರು ಹಾಯಬಾರದು, ಮೈಗೆ ಮೈ ತಾಗಬೇಕು ಎಂದು ಕಟ್ಟಳೆ ಹಾಕಿದವಳೂ ಅವಳೇ. ಬೇರೆ ಆಟಗಳಲ್ಲಿ ಜನ ಹೊಗೆಯ ಹಾಗೆ ಒಬ್ಬರೊಳಗೊಬ್ಬರು ತೂರಿಕೊಂಡು ಹೋಗುವುದು ಅವಳಿಗೆ ಹಿಡಿಸುತ್ತಿರಲಿಲ್ಲ. ಅವಳು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಮಾವ ಕುರಿ ಕಾಯುತ್ತಿದ್ದ. ಸಂಜೆ ಅವನ ಮಂದೆ ರಸ್ತೆಗಿಳಿಯಿತೆಂದರೆ ಬಸ್ಸು ನಿಲ್ಲಲೇಬೇಕು. ಚಾಲಕ ಹಾರ್ನ್ ಒತ್ತಿದಷ್ಟೂ ಮಾವನ ಹೆಜ್ಜೆ ನಿಧಾನವಾಗುತ್ತಿತ್ತು. ಬಸ್ಸಿನವರು ಕಿಟಕಿಯಿಂದ ಬಯ್ಯುತ್ತಿದ್ದರು, ಅವನೂ ಬಯ್ಯುತ್ತಿದ್ದ. ಬಯ್ಯುತ್ತಲೇ ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿಕೊಳ್ಳುತ್ತಿದ್ದ. ಕೊನೆಯ ಕುರಿ ದಾಟಿದ ಮೇಲೆ ಕೋಲೆತ್ತಿ "ಹೂಂ, ಹೋಗಿ" ಎಂದು ಅಪ್ಪಣೆ ಕೊಡುತ್ತಿದ್ದ. ಜನ ಇದ್ದಾರೆ ಅನಿಸಬೇಕಾದರೆ ಜನ ಅಡ್ಡ ಬರಬೇಕು ಎಂದು ಅವಳು ಕಚೇರಿಯಲ್ಲಿ ವಾದ ಮಾಡಿ ಗೆದ್ದಿದ್ದಳು.

ಈಗ ಆ ಸೇತುವೆಯ ನಟ್ಟನಡುವೆ ಯಾರೋ ಒಬ್ಬ ಬಂದು ನಿಂತುಬಿಟ್ಟಿದ್ದ. ಕಂಬಳಿ ಹೊದ್ದ ಮುದುಕನ ವೇಷ. ಆಡುವವರು ಅವನಿಗೆ ಗೂಟಪ್ಪ ಎಂದು ಹೆಸರಿಟ್ಟಿದ್ದರು.

"ಏನು ಕೇಳ್ತಾನೆ? ಸುಂಕಾನಾ?" ಎಂದು ಕಚೇರಿಯ ಮುಖ್ಯಸ್ಥ ಕೇಳಿದ.

"ಏನೂ ಕೇಳಲ್ಲ ಸರ್," ಅಂದಳು ದೂರು ನೋಡುವ ಹುಡುಗಿ. "ಯಜಮಾನ್ರೇ ದಾರಿ ಬಿಡಿ ಅಂತ ಅನ್ನಬೇಕಂತೆ. ಅಂದ್ರೂ ಬಿಡೋದು ಅವನಿಗೆ ಮನಸ್ಸು ಬಂದಾಗ."

ಕೆಲವರು ನಕ್ಕರು. ಹುಡುಗಿ ನಗಲಿಲ್ಲ.

"ಅವನೊಬ್ಬನೇ ಆಗಿದ್ರೆ ಹೇಗೋ ಆಗ್ತಿತ್ತು. ಈಗ ಅವನ ಹಿಂದೆ ಪಡ್ಡೆಗಳ ಗುಂಪು ಸೇರ್ಕೊಂಡಿದೆ. ಹೊಸಬರನ್ನ ಒತ್ತಿ ಒತ್ತಿ ಹೊಳೆಗೆ ಬೀಳಿಸ್ತಾರೆ. ಬಿದ್ರೆ ಹೊತ್ಕೊಂಡಿದ್ದ ಸಾಮಾನೆಲ್ಲ ನೀರುಪಾಲು. ಇವನು ನೋಡ್ತಾ ನಿಂತಿರ್ತಾನೆ. ಒಬ್ರು ನರ್ಸ್ ಬರೆದಿದ್ದಾರೆ. ಅವರಿಗೆ ಪಾಳಿ ಮಧ್ಯೆ ಸಿಗೋದೇ ಅರ್ಧ ಗಂಟೆ. ದೂರದ ಊರಲ್ಲಿರೋ ಅಕ್ಕನ ಜೊತೆ ಆಚೆ ದಡದಲ್ಲಿ ಕೂತು ಮಾತಾಡೋಕೆ ಬರ್ತಾರೆ. ಈಗ ಸೇತುವೆ ಮುಂದೆ ನಿಂತು ನಿಂತು ಡ್ಯೂಟಿಗೆ ವಾಪಸ್ ಹೋಗ್ತಿದ್ದಾರೆ."

"ಅವನನ್ನ ಹೊರಗೆ ಹಾಕಿ."

"ಪಡ್ಡೆಗಳನ್ನ ಹಾಕಿ ನೋಡಾಯ್ತು ಸರ್. ಬೇರೆ ಹೆಸರಲ್ಲಿ ಅವತ್ತೇ ವಾಪಸ್ ಬಂದ್ರು. ಇವನೂ ಹಾಗೇ ಬರ್ತಾನೆ."

"ಇನ್ನೊಂದು ಸೇತುವೆ ಹಾಕೋಣ," ಎಂದಳು ವಿನ್ಯಾಸಗಾರ್ತಿ.

"ಇನ್ನೊಂದು ಗೂಟ ಸಿಗೋದು ಕಷ್ಟಾನಾ?" ಎಂದ ಮುಖ್ಯಸ್ಥ. "ಮೈ ತಾಗೋದನ್ನೇ ತೆಗೆದುಬಿಡಿ, ಹಾದು ಹೋಗ್ಲಿ ಎಲ್ಲರೂ. ನಿಮಗೆ ಅದು ಮುದ್ದಿನ ಕೂಸು ಅಂತ ಗೊತ್ತು. ಸೋಮವಾರ ಹೇಳಿ. ಬೇಡ ಅಂದ್ರೆ ಬೇರೆ ಉಪಾಯ ನೀವೇ ತರಬೇಕು."

ಭಾನುವಾರ ಅವಳು ಮಾವನ ಮನೆಗೆ ಹೋದಳು. ಕೆಲವು ವರ್ಷಗಳ ಹಿಂದೆ, ಬಂಡೆಯ ಸಂದಿಗೆ ಸಿಕ್ಕಿಕೊಂಡ ಮರಿಯನ್ನು ಎತ್ತಲು ಹೋಗಿ ಮಾವ ಜಾರಿ ಬಿದ್ದಿದ್ದ. ಸೊಂಟದಿಂದ ಕೆಳಗೆ ಬಲ ಹೋಯಿತು. ಕುರಿಗಳನ್ನು ಮಾರಿದರು. ಮುಂಬಾಗಿಲ ಪಕ್ಕದಲ್ಲಿ, ಗೋಡೆಗೆ ಒತ್ತಿ ಅವನ ಮಂಚ. ತಲೆದೆಸೆಯಲ್ಲಿ ಆ ಹಳೆಯ ಕೋಲು. ಅತ್ತೆ ಒಳಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಬಟ್ಟೆ ಕೊಡಲು ಬರುವವರು ಮಂಚದ ಬದಿಯಿಂದಲೇ ಒಳಗೆ ಹೋಗಬೇಕು.

ಅವಳು ಹೋದಾಗ ಒಬ್ಬ ಗಿರಾಕಿ ಹೆಂಗಸು ಮಂಚದ ಪಕ್ಕ ನಿಂತು, ಹೊಲಿದ ಬಟ್ಟೆಯನ್ನು ಮಾವನ ಎದೆಯ ಮೇಲಿಂದ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬಟ್ಟೆಯ ಅಂಚು ಅವನ ಮೂಗಿಗೆ ತಾಗುತ್ತಿತ್ತು. "ತೋಳು ಸ್ವಲ್ಪ ಬಿಗಿಯಾಯ್ತೇನೋ ಅಕ್ಕಾ," ಎಂದು ಅವಳು ಒಳಗಿದ್ದ ಅತ್ತೆಗೆ ಕೂಗಿದಳು. ಮಾವ ಕಣ್ಣು ಮುಚ್ಚಿಕೊಂಡು ಬಟ್ಟೆ ಹೋಗುವವರೆಗೆ ಕಾದ.

"ಬಾ ಪುಟ್ಟಿ," ಅಂದ ಆಮೇಲೆ. "ಇಲ್ಲಿ ಕೂತ್ಕೋ. ಆಮೇಲೆ ಮಾತಾಡೋಣ, ಈಗ ಕೆಲಸದ ಹೊತ್ತು."

ಹೋದ ವರ್ಷ ಅವಳೇ ತಂದುಕೊಟ್ಟ ಟ್ಯಾಬು ಅವನ ಹೊಟ್ಟೆಯ ಮೇಲಿತ್ತು. ಆಟದಲ್ಲಿ ಕುರಿ ಸಾಕುವುದೂ ಉಂಟು. ಅದನ್ನೇ ಮಾಡುತ್ತಿರಬಹುದು ಎಂದುಕೊಂಡಿದ್ದಳು. ಬಗ್ಗಿ ನೋಡಿದಳು. ಮರದ ಸೇತುವೆ. ನಡುವೆ ಕಂಬಳಿ ಹೊದ್ದ ಮುದುಕ. ಎದುರಿಗೆ ಹತ್ತಾರು ಜನ ಒತ್ತೊತ್ತಾಗಿ ನಿಂತಿದ್ದರು.

ಗೂಟಪ್ಪ.

"ನೋಡು, ನೋಡು. ಇವನಿಗೆ ಅರ್ಜೆಂಟಂತೆ," ಮಾವ ತೋರುಬೆರಳಿನಿಂದ ಒಬ್ಬ ಕತ್ತಿವೀರನನ್ನು ತೋರಿಸಿದ. "ಅರ್ಜೆಂಟಿದ್ರೆ ಹೊಳೆಗೆ ಹಾರು ಅಂದೆ."

"ಮಾವ, ಇದು ಸರಿಯಲ್ಲ. ಅವರೆಲ್ಲ ಆಡೋಕೆ ಬಂದಿರ್ತಾರೆ."

"ನಾನೂ ಆಡೋಕೇ ಬಂದಿದೀನಿ."

"ಆ ಹುಡುಗ್ರು ನೀರಿಗೆ ಬೀಳಿಸ್ತಾರಲ್ಲ?"

"ಅವು ಪುಂಡು ಮುಂಡೇವು. ನಾನು ಯಾರನ್ನೂ ಮುಟ್ಟಲ್ಲ. ನಿಂತಿರ್ತೀನಿ ಅಷ್ಟೇ."

"ನಿಲ್ಲಿಸಿ ಅಂತ ಹೇಳಲ್ವಲ್ಲ ಅವರಿಗೆ."

ಪರದೆಯಲ್ಲಿ ಕತ್ತಿವೀರ ಮುಂದೆ ಬಂದು ಡಿಕ್ಕಿ ಹೊಡೆದು ಹಿಂದೆ ಸರಿದ, ಮತ್ತೆ ಡಿಕ್ಕಿ ಹೊಡೆದ.

"ಒಬ್ಬಳು ನರ್ಸ್ ಬರ್ತಾಳೆ, ಗೊತ್ತಾ ನಿಮಗೆ?" ಎಂದಳು.

"ಗೊತ್ತಿಲ್ದೆ ಏನು. ಮೊನ್ನೆ ಬಯ್ದಳು ನನ್ನ, ಚೆನ್ನಾಗಿ. ನಿನಗೆ ಮನೆ ಮಠ ಇಲ್ವಾ, ಮಾಡೋಕೆ ಕೆಲಸ ಇಲ್ವಾ, ಗೂಟ ಹೊಡ್ಕೊಂಡು ನಿಂತಿದೀಯಲ್ಲ ಅಂತ." ಅವನ ಮುಖ ಅರಳಿತು. "ಬೈಸಿಕೊಂಡು ಎಷ್ಟು ಕಾಲ ಆಗಿತ್ತೋ. ಈ ಮನೇಲಿ ಯಾರೂ ನನ್ನ ಬಯ್ಯಲ್ಲ ಪುಟ್ಟಿ. ನಿಮ್ಮತ್ತೇನೂ ಬಯ್ಯಲ್ಲ. ಮುಂಚೆ ಬಾಯಿ ತೆಗೆದ್ರೆ ಬೀದಿಗೆ ಕೇಳ್ತಿತ್ತು."

ಒಳಗೆ ಯಂತ್ರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ಇದರಲ್ಲಿ ಒಬ್ಬರ ಮೇಲೊಬ್ಬರು ಹಾಯೋಕಾಗಲ್ಲ," ಮಾವ ಹೇಳಿದ. "ನಾನು ನಿಂತ್ರೆ ನಿಂತ ಹಾಗೇ ಲೆಕ್ಕ. ಯಾರು ಮಾಡಿದ್ದು ಆ ಕಟ್ಟಳೇನ? ನೀನಾ?"

"ಹೂಂ, ನಾನೇ."

"ಒಳ್ಳೇ ಕೆಲಸ ಮಾಡಿದೀಯ."

ಸೋಮವಾರದ ಮಾತನ್ನು ಅವಳು ಎತ್ತಲಿಲ್ಲ. ಹೊರಡುವಾಗ ಎಂದಿನಂತೆ ಅವನ ಪಾದ ಮುಟ್ಟಿ ಹೊದಿಕೆ ಸರಿಮಾಡಿದಳು. ಮುಟ್ಟಿದ್ದು ಅವನಿಗೆ ತಿಳಿಯಲಿಲ್ಲ. ಕಣ್ಣು ಸೇತುವೆಯ ಮೇಲಿತ್ತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇರೆ ಉಪಾಯ ಹುಡುಕಿದಳು. ಸೇತುವೆ ಅಗಲ ಮಾಡಿದರೆ ಪಡ್ಡೆಗಳು ಸಾಲಾಗಿ ನಿಲ್ಲುತ್ತವೆ. ದೋಣಿ ಇಟ್ಟರೆ ದೋಣಿಗೇ ಅಡ್ಡ ನಿಲ್ಲುತ್ತವೆ. ಹೆಚ್ಚು ಹೊತ್ತು ಕದಲದೆ ನಿಂತವರ ಮೈ ಮಾತ್ರ ಗಾಳಿಯಾಗಲಿ ಅಂದರೆ ಅದು ಮಾವನಿಗೆಂದೇ ಬರೆದ ಕಟ್ಟಳೆಯಾಗುತ್ತದೆ. ಎಲ್ಲ ಕಡೆಯಿಂದ ಬಂದರೂ ಕೊನೆಗೆ ಸೇತುವೆಯ ಈಚೆ ಕಾಯುತ್ತ ನಿಂತ ಆ ನರ್ಸಿನ ಹತ್ತಿರವೇ ಬಂದು ನಿಲ್ಲುತ್ತಿದ್ದಳು. ಅವಳಿಗಿದ್ದದ್ದು ಅರ್ಧ ಗಂಟೆ. ಮಾವನಿಗೆ ದಿನವಿಡೀ ಇತ್ತು.

ಸೋಮವಾರ, "ತೆಗೀರಿ," ಎಂದಳು.

ಹೊಸ ಕಟ್ಟಳೆ ಜಾರಿಯಾದ ಮಧ್ಯಾಹ್ನ ತನ್ನ ಮೇಜಿನಲ್ಲಿ ಕೂತು ಸೇತುವೆಯನ್ನು ನೋಡಿದಳು. ಗೂಟಪ್ಪ ತನ್ನ ಜಾಗದಲ್ಲೇ ಇದ್ದ. ಜನ ಅವನ ಹೊಟ್ಟೆಯೊಳಗೆ ಹೊಕ್ಕು ಬೆನ್ನಿನಿಂದ ಹೊರಬಂದು ಹೋಗುತ್ತಿದ್ದರು. ಯಾರೂ ನಿಧಾನ ಮಾಡಲಿಲ್ಲ. ಅವನು ಎಡಕ್ಕೆ ಸರಿದ, ಬಲಕ್ಕೆ ಸರಿದ. "ದಾರಿ ಕೇಳಿ ಹೋಗಿ" ಎಂದು ಅವನ ತಲೆಯ ಮೇಲೆ ಅಕ್ಷರಗಳು ಮೂಡಿದವು. ಅಕ್ಷರಗಳನ್ನೂ ಹಾಯ್ದು ಹೋದರು. ಆಮೇಲೆ ಪಡ್ಡೆಗಳು ಬಂದವು. ಯಜಮಾನನ ಹಿಂದೆ ನಿಲ್ಲುತ್ತಿದ್ದವು, ಈಗ ಯಜಮಾನನ ಮೈಯೊಳಗೇ ನಿಂತು ಕುಣಿಯತೊಡಗಿದವು. ಅವನ ಎದೆಯಿಂದ ಇನ್ನೊಂದು ತಲೆ, ಪಕ್ಕೆಯಿಂದ ಮತ್ತೆರಡು ಕೈ. ಅವಳು ಪರದೆ ಆರಿಸಿದಳು.

"ಸೇತುವೆ ದೂರು ನಿಂತವು," ಎಂದು ಆ ವಾರದ ಕೊನೆಗೆ ದೂರು ನೋಡುವ ಹುಡುಗಿ ಹೇಳಿದಳು. "ಒಂದು ಮಾತ್ರ ಹೊಸದು ಬಂದಿದೆ. ಮುದುಕನ ಮೈಯಲ್ಲಿ ಹೊಕ್ಕು ಕುಣೀತಾರೆ, ನೋಡೋಕಾಗಲ್ಲ, ನಿಲ್ಲಿಸಿ ಅಂತ."

"ಗೂಟಪ್ಪನೇ ಕೊಟ್ಟನಾ?" ಎಂದಳು ವಿನ್ಯಾಸಗಾರ್ತಿ.

"ಅಲ್ಲ. ಆ ನರ್ಸೇ."

ಮುಂದಿನ ಭಾನುವಾರ ಟ್ಯಾಬು ಕಿಟಕಿಯ ಕಟ್ಟೆಯ ಮೇಲೆ ಮಗುಚಿ ಬಿದ್ದಿತ್ತು. ಅದರ ಮೇಲೆ ಅತ್ತೆಯ ನೂಲಿನ ಉಂಡೆಗಳು. ಮಾವ ಸೂರು ನೋಡುತ್ತ ಮಲಗಿದ್ದ. ಊಟ ಆಯಿತು. ಅತ್ತೆ ಒಳಗೆ ಹೋದ ಮೇಲೆ ಅವನು ಕೇಳಿದ.

"ನೀನೇನಾ ತೆಗೆದಿದ್ದು?"

"ಹೂಂ ಮಾವ."

"ನನ್ನ ನೋಡ್ಕೊಂಡು ಹೋದ ಮೇಲೆ?"

"ಹೂಂ."

ಅವನು ತಲೆದೆಸೆಯ ಕೋಲನ್ನು ಬೆರಳಿಂದ ಸವರಿದ.

"ಆ ನರ್ಸು ಈಗ ಅಕ್ಕನ ಹತ್ರ ಹೋಗ್ತಾಳಾ?"

"ಹೋಗ್ತಾಳೆ."

"ಹೋಗ್ಲಿ ಬಿಡು," ಎಂದು ಮುಖ ಗೋಡೆಗೆ ತಿರುಗಿಸಿದ.

ಬಸ್ಸಿನ ಹೊತ್ತಾಯಿತೆಂದು ಅವಳು ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು. ಬಾಗಿಲ ಹತ್ತಿರ ಬರುವಷ್ಟರಲ್ಲಿ ಬೆನ್ನ ಹಿಂದೆ ಮಂಚ ಕಿರುಗುಟ್ಟಿತು. ಮಾವನ ಕೋಲು ಮಂಚದಿಂದ ಚಾಚಿ ಬಂದು, ಎದುರಿನ ಬಾಗಿಲುವಾಡಕ್ಕೆ ತಾಗಿ ನಿಂತಿತು. ಅವಳ ಮೊಣಕಾಲಿನ ಎತ್ತರಕ್ಕೆ, ಅಡ್ಡಲಾಗಿ. ಕಾಲೆತ್ತಿದರೆ ದಾಟಬಹುದಿತ್ತು.

ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಪುಟ್ಟೀ, ಬಸ್ಸು ಬಂತಲ್ಲೇ," ಅತ್ತೆ ಒಳಗಿಂದ ಕೂಗಿದಳು.

"ಯಜಮಾನ್ರೇ, ದಾರಿ ಬಿಡಿ," ಎಂದಳು ಅವಳು.

ಮಾವ ಅವಳ ಕಡೆ ನೋಡಲಿಲ್ಲ. ಕೋಲು ಕದಲಲಿಲ್ಲ. ಬಸ್ಸು ರಸ್ತೆಯಲ್ಲಿ ನಿಂತಿತು, ಇನ್ನೊಮ್ಮೆ ಹಾರ್ನ್ ಹಾಕಿತು, ಧೂಳೆಬ್ಬಿಸಿ ಹೊರಟುಹೋಯಿತು. ಅವಳು ಕಾಲೆತ್ತಲಿಲ್ಲ.

ಅತ್ತೆ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದಳು. ಕೋಲನ್ನು ನೋಡಿದಳು, ಗಂಡನನ್ನು ನೋಡಿದಳು.

"ಏನ್ರೀ ಇದು ನಿಮ್ಮ ಆಟ? ಇನ್ನು ಸಂಜೆವರೆಗೂ ಬಸ್ಸಿಲ್ಲ, ಊರು ಸೇರೋದು ನಡುರಾತ್ರಿ. ನಾಳೆ ಅವಳು ಕೆಲಸಕ್ಕೆ ಹೋಗೋದು ಬೇಡ್ವಾ? ವಯಸ್ಸಾಗಿದೆ ಹೊರತು ಬುದ್ಧಿ ಬಂದಿಲ್ಲ. ಒಂದು ದಿನ, ಒಂದೇ ಒಂದು ದಿನ ಮನುಷ್ಯರ ಹಾಗೆ ನಡ್ಕೊಳ್ಳೋಕಾಗಲ್ವಾ ನಿಮಗೆ?"

ಬಟ್ಟೆ ಕೊಡಲು ಬಂದ ಯಾರೋ ಅಂಗಳದಲ್ಲೇ ನಿಂತರು. ಅತ್ತೆಯ ಬಾಯಿ ನಿಲ್ಲಲಿಲ್ಲ. ಮಾವ ಕೇಳಿಸಿಕೊಳ್ಳುತ್ತ ಇದ್ದ. ಎತ್ತಿ ಹಿಡಿದು ಹಿಡಿದು ಕೋಲಿನ ತುದಿ ಬಾಗಿಲುವಾಡಕ್ಕೆ ಟಕಟಕ ಬಡಿಯುತ್ತಿತ್ತು. ಆದರೂ ಅವನು ಅದನ್ನು ಇಳಿಸಲಿಲ್ಲ.