ಗೋಲಿನಿಂದ ನಲವತ್ತೆರಡು ಪಾದ

೧

ನಲವತ್ತೊಂದು. ಇಲ್ಲ, ಎಣಿಸುವಾಗ ಎಲ್ಲೋ ಒಂದು ಬಿಟ್ಟುಹೋಗಿರಬೇಕು. ಅವನು ಗೋಲಿನ ಗೆರೆಗೆ ಹಿಮ್ಮಡಿ ತಾಗಿಸಿ ಮತ್ತೆ ನಿಂತ. ಪಾದದ ಮುಂದೆ ಪಾದ, ಹೆಬ್ಬೆರಳಿಗೆ ಹಿಮ್ಮಡಿ ಮುಟ್ಟಿಸಿ, ನಿಧಾನ. ಪೆನಾಲ್ಟಿ ಚುಕ್ಕೆ ಕಾಲ ಕೆಳಗೆ ಬಂದಾಗ ಮತ್ತೆ ನಲವತ್ತೊಂದೇ. ಬೂಟು ಬದಲಾಯಿಸಿದೆನಾ? ಇಲ್ಲವಲ್ಲ, ಅದೇ ಹಳೇ ಬೂಟು. ವಯಸ್ಸಾದರೆ ಪಾದ ಬೆಳೆಯುತ್ತದಾ?

ಕಥೆಯನ್ನು ಹೀಗೆ ಶುರು ಮಾಡಬಹುದಾ? ನಿಮ್ಮನ್ನೇ ಕೇಳುತ್ತಿದ್ದೇನೆ. ಗಲಭೆಯ ನಡುವೆ ನೆರೆಹೊರೆಯ ದೇಶಗಳು ಆಡುವ ಫುಟ್ಬಾಲ್ ಟೂರ್ನಿಯ ಕಥೆ ಇದು. ಮೊದಲ ಕರಡಿನಲ್ಲಿ ಹೆಲಿಕಾಪ್ಟರ್ ಇತ್ತು. ಎಲ್ಲಿ ಇಳಿಯಬೇಕೆಂದು ತಿಳಿಯದೆ ಅದು ಆರು ಪುಟ ಸುತ್ತಿತು. ಹರಿದು ಹಾಕಿದೆ. ಉಳಿದದ್ದು ತನ್ನ ಬೂಟಿನ ಮೇಲೆ ಸಂಶಯಪಡುವ ಈ ಮನುಷ್ಯ ಒಬ್ಬನೇ.

೨

ಇವನು ಮೈದಾನಕ್ಕೆ ಗೆರೆ ಹಾಕುವವನು. ಮೂವತ್ತು ವರ್ಷದ ಕೆಲಸ. ಎಲ್ಲರೂ ಸುಣ್ಣದ ಮಾಮ ಎನ್ನುತ್ತಾರೆ (ಈಗ ಬಳಸುವುದು ಬಿಳಿ ಪೇಂಟು, ಸುಣ್ಣ ಹೆಸರಿನಲ್ಲಿ ಮಾತ್ರ ಉಳಿದಿದೆ). ಅಳೆಯಲು ಕೊಟ್ಟ ಟೇಪು ಕಪಾಟಿನಲ್ಲಿ ಹಾಯಾಗಿದೆ. ಅವನು ನಂಬುವುದು ಒಂದು ಹತ್ತಿ ಹಗ್ಗವನ್ನು. ಕೆಲಸಕ್ಕೆ ಸೇರಿದ ವಾರ ಅವನ ಅಕ್ಕ ಅಂಗಳದಲ್ಲಿ ಕೂತು, ಬೇಕಾದ ಅಳತೆಗೆಲ್ಲ ಒಂದೊಂದು ಗಂಟು ಹಾಕಿ, ಪ್ರತಿ ಗಂಟಿಗೂ ಬೇರೆ ಬಣ್ಣದ ದಾರ ಸುತ್ತಿಕೊಟ್ಟಿದ್ದಳು. ಪೆನಾಲ್ಟಿ ಚುಕ್ಕೆಯ ಹನ್ನೊಂದು ಮೀಟರಿಗೆ ಕೆಂಪು ದಾರ. ಹಗ್ಗ ಹಿಡಿದ ಮೇಲೂ ಅವನು ಒಮ್ಮೆ ಪಾದದಲ್ಲಿ ನಡೆದು ನೋಡುತ್ತಾನೆ. ನಲವತ್ತೆರಡು ಬಂದರೆ ಸರಿ.

ಅಕ್ಕ ಮದುವೆಯಾಗಿ ಆಚೆ ದೇಶಕ್ಕೆ ಹೋದಾಗ ಗಡಿ ಎಂದರೆ ಒಂದು ಗೇಟು, ಪಕ್ಕದಲ್ಲಿ ತೂಕಡಿಸುವ ಒಬ್ಬ ಕಾವಲುಗಾರ. ಹದಿನಾಲ್ಕು ವರ್ಷದಿಂದ ಆ ಗೇಟು ಸಾಮಾನ್ಯ ಜನರಿಗೆ ತೆರೆದಿಲ್ಲ. ಆಚೆ ದೇಶದ ಫೋನು ಲೈನೂ ಸತ್ತು ನಾಲ್ಕು ತಿಂಗಳಾಯಿತು. ಕೊನೆಯ ಸಲ ಮಾತಾಡಿದಾಗ, ಆಸ್ಪತ್ರೆಗೆ ಸೇರಿಸ್ತಾರಂತೆ ಕಣೋ, ಅಂದಿದ್ದಳು. ಅಷ್ಟೇ. ಬದುಕಿದ್ದಾಳಾ ಎಂಬುದು ಅವನಿಗೆ ಗೊತ್ತಿಲ್ಲ.

ಇವತ್ತಿನ ಅತಿಥಿ ತಂಡದ ಗೋಲ್‌ಕೀಪರ್ ಅವಳ ಮಗ. ಒಂಬತ್ತು ವರ್ಷದವನಿದ್ದಾಗ ಇದೇ ಮೈದಾನದ ಹಿಂದೆ ಎರಡು ಪೇಂಟಿನ ಬಕೆಟ್ ನಡುವೆ ನಿಂತು, ಮಾಮ ಒದ್ದ ಚೆಂಡು ಹಿಡಿದವನು.

೨ (ಮತ್ತೆ. ಕೆಲವನ್ನು ಹೇಳಲು ಮರೆತಿದ್ದೆ.)

ಸಂಜೆ ಆರಕ್ಕೆ ಕರ್ಫ್ಯೂ. ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಪಂದ್ಯ ಮೂರಕ್ಕೆ ಶುರು. ಅರ್ಧ ಗಂಟೆ ತಡವಾದರೂ ರದ್ದು, ಅತಿಥಿಗಳ ಬಸ್ಸು ಮೈದಾನಕ್ಕೆ ಬಾರದೆ ಹೋಟೆಲಿನಿಂದಲೇ ನೇರ ಗಡಿಗೆ. ಪಂದ್ಯದ ಅಧಿಕಾರಿ ಇದನ್ನು ಬೆಳಿಗ್ಗೆ ಮೂರು ಸಲ ಹೇಳಿದ್ದರು.

ಬೆಳಿಗ್ಗೆಯೇ ಬಾಂಬು ಹುಡುಕುವವರು ಬಂದು ಎಡಗಡೆಯ ಗೋಲಿನ ಮುಂದೆ ಸಲಾಕೆಯಿಂದ ಚುಚ್ಚಿ, ತುಳಿದಾಡಿ, ಚುಕ್ಕೆಯನ್ನು ಅಳಿಸಿಹಾಕಿದರು. ಇವನು ಹಗ್ಗ ತಂದು ಮತ್ತೆ ಹಾಕಿದ. ಹಗ್ಗ ಸೋರುವ ನಲ್ಲಿಯ ಕೆಳಗೆ ರಾತ್ರಿಯಿಡೀ ನೆನೆದಿತ್ತು. ಹತ್ತಿ ಹಗ್ಗ ನೆನೆದರೆ ಕುಗ್ಗುತ್ತದೆ; ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇದನ್ನು ಹೇಳಿಕೊಡುವವನೇ ಇವನು. ಆದರೆ ಆಗಷ್ಟೇ ಗೋಡೆಗೆ ಅಂಟಿಸಿದ ಆಟಗಾರರ ಪಟ್ಟಿಯಲ್ಲಿ, ಒಂದನೇ ನಂಬರಿನ ಎದುರು, ಅಕ್ಕನ ಮಗನ ಹೆಸರು ನೋಡಿದ್ದ. ಕೈ ಒದ್ದೆಯಾದದ್ದು ತಲೆಗೆ ಹೋಗಲಿಲ್ಲ. ಪಾದದಲ್ಲಿ ಅಳೆಯುವುದನ್ನೂ ಮರೆತ. ಅಧಿಕಾರಿ ಬಂದರು. ನಿಮ್ಮ ಗೆರೆಗೆ ಟೇಪು ಯಾಕ್ರೀ, ಎಂದು ನಗುತ್ತಾ ತಪಾಸಣೆಯ ಕಾಗದಕ್ಕೆ ಸಹಿ ಹಾಕಿದರು.

ಈಗ ಎರಡು ಗಂಟೆ. ಚುಕ್ಕೆ ಒಂದು ಗೇಣು ಮುಂದಿದೆ. ಸಹಿಯಾದ ಮೇಲೆ ಮೈದಾನ ಮುಟ್ಟಿದರೆ ತಪಾಸಣೆ ಮೊದಲಿನಿಂದ ಆಗಬೇಕು. ಅದಕ್ಕೆ ಎರಡು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಹುಡುಗನ ಬಸ್ಸು ಗಡಿಯ ದಾರಿ ಹಿಡಿದಿರುತ್ತದೆ.

೪

(ಮೂರನೆಯ ಭಾಗದಲ್ಲಿ ಅವನು ಎದ್ದು ಹೋಗಿ ಅಧಿಕಾರಿಗೆ ಎಲ್ಲ ಹೇಳುತ್ತಿದ್ದ. ಚೆನ್ನಾಗಿಯೇ ಬಂದಿತ್ತು. ಮಾಮ ಒಪ್ಪಲಿಲ್ಲ, ತೆಗೆದುಹಾಕಿದೆ.)

ಪೇಂಟಿನ ಕೋಣೆಯಲ್ಲಿ, ಮಗುಚಿದ ಬಕೆಟಿನ ಮೇಲೆ ಕೂತಿದ್ದ. ಹಗ್ಗ ತೊಡೆಯ ಮೇಲಿತ್ತು. ನಾನು, ಓದು ಮುಗಿಸಿ ಮೂರು ವರ್ಷದಿಂದ ಕೋಣೆಯಲ್ಲಿ ಕೂತು ಇಂಥದ್ದನ್ನೇ ಬರೆಯುತ್ತಿರುವವನು, ಅವನಿಗೆ ಪ್ರಾಮಾಣಿಕತೆಯ ಬಗ್ಗೆ ಒಂದಿಷ್ಟು ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, ನೀವು ಊಟ ಮಾಡಿದ್ರಾ ಸಾರ್, ಎಂದು ವಿಚಾರಿಸಿದ.

"ಚುಕ್ಕೆ ಹತ್ತಿರ ಬಂದ್ರೆ ತೊಂದರೆ ಆಗೋದು ಗೋಲ್‌ಕೀಪರ್‌ಗೆ. ಸೆಕೆಂಡ್ ಹಾಫಲ್ಲಿ ಎಡಗಡೆ ನಿಲ್ಲೋದು ನಿಮ್ಮ ಅಕ್ಕನ ಮಗನೇ," ಅಂದೆ.

"ಪೆನಾಲ್ಟಿ ಆದ್ರೆ ತಾನೇ."

"ಆದ್ರೆ?"

"ಅದು ನಿಮ್ಮ ಕೈಲಿದೆ ಸಾರ್. ಬರೀಬೇಡಿ."



೫

ಬರೆಯದೆ ಇರಬಹುದಿತ್ತು. ಆದರೆ ಇಷ್ಟು ಹೊತ್ತು ಚುಕ್ಕೆ ತೋರಿಸಿ ಅದರ ಮೇಲೆ ಚೆಂಡಿಡದಿದ್ದರೆ ನೀವು ನನ್ನನ್ನು ಸುಮ್ಮನೆ ಬಿಡುತ್ತಿದ್ದಿರಾ? ಪಾಪದಲ್ಲಿ ನಿಮ್ಮದೂ ಪಾಲಿದೆ.

ಖಾಲಿ ಸ್ಟೇಡಿಯಮ್ಮಿನಲ್ಲಿ ಪಂದ್ಯ ನಡೆಯಿತು. ಆಟಗಾರರ ಏದುಸಿರು, ಬೂಟು ಚೆಂಡಿಗೆ ತಾಗುವ ಸದ್ದು, ಗೋಲ್‌ಕೀಪರ್ ತನ್ನವರನ್ನು ಕೂಗುವ ದನಿ, ಎಲ್ಲ ಕೇಳುತ್ತಿತ್ತು. ಪೊಲೀಸರು ಆಟಕ್ಕೆ ಬೆನ್ನು ಹಾಕಿ ಖಾಲಿ ಕುರ್ಚಿಗಳನ್ನು ಕಾಯುತ್ತಿದ್ದರು. ಆಟದ ವಿವರ ಕೇಳಬೇಡಿ. ಆಫ್‌ಸೈಡ್ ಅಂದರೇನೆಂದು ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಎಪ್ಪತ್ತೆಂಟನೆಯ ನಿಮಿಷದವರೆಗೂ ಗೋಲಿಲ್ಲ. ಆಗ ಎಡಗಡೆ ಯಾರೋ ಯಾರಿಗೋ ಕಾಲು ಅಡ್ಡ ಕೊಟ್ಟು ಬೀಳಿಸಿದರು. ರೆಫ್ರಿ ಚುಕ್ಕೆಯ ಕಡೆ ಕೈ ತೋರಿಸಿದ.

ಸುಣ್ಣದ ಮಾಮ ಗೆರೆಯ ಹೊರಗೆ ನಿಂತಿದ್ದ. ಒಮ್ಮೆ ನನ್ನ ಕಡೆ ನೋಡಿದ. ನಾನು ಪೆನ್ನಿನ ಕಡೆ ನೋಡಿದೆ.

ಕೊನೆ, ಒಂದು ರೀತಿ: ಹುಡುಗ ಬಲಕ್ಕೆ ಹಾರಿ ಚೆಂಡು ಹಿಡಿದ. ಪಂದ್ಯ ಸಮ. (ತಪ್ಪು ಮಾಡಿದವನನ್ನು ಇಷ್ಟು ಅಗ್ಗಕ್ಕೆ ಪಾರು ಮಾಡಲು ನನಗೆ ಮನಸ್ಸಿಲ್ಲ.)

ಕೊನೆ, ಇನ್ನೊಂದು ರೀತಿ: ಚೆಂಡು ಬೆರಳ ತುದಿಗೆ ತಾಗಿ ಒಳಗೆ ಹೋಯಿತು. ಒಂದು ಗೇಣಿನಷ್ಟು ಹೊತ್ತು ಸಾಲಲಿಲ್ಲ. ಸೋತವರ ಬಸ್ಸಿಗೆ ಅವರ ಊರಿನಲ್ಲಿ ಕಲ್ಲು ಬೀಳುವ ಕಾಲ ಇದು. (ಇದನ್ನು ಬರೆದ ಮೇಲೆ ಎರಡು ದಿನ ಮೇಜಿನ ಹತ್ತಿರ ಹೋಗಲಿಲ್ಲ.)

ಯಾವುದು ನಿಜ ಎಂದು ನಾನು ಹೇಳುವುದಿಲ್ಲ. ಎರಡರಲ್ಲೂ ಮುಂದಿನದು ಒಂದೇ. ಬಸ್ಸಿಗೆ ಹೋಗುವ ದಾರಿಯಲ್ಲಿ ಗೋಲ್‌ಕೀಪರ್ ಕಂಬಿಯ ಹತ್ತಿರ ನಿಂತ. ಮಾಮನಿಗಿಂತ ಒಂದು ತಲೆ ಎತ್ತರ. ಒಂದು ರೀತಿಯಲ್ಲಿ ನಗುತ್ತಿದ್ದ, ಇನ್ನೊಂದರಲ್ಲಿ ಇಲ್ಲ. ಕೇಳಿದ್ದು ಮಾತ್ರ ಅದೇ.

"ಮಾಮ, ಆ ಚುಕ್ಕೆ ಒಂಚೂರು ಹತ್ತಿರ ಇತ್ತಾ? ನಂಗೆ ಹಾಗನ್ನಿಸ್ತು."

"ಅಮ್ಮ ಹೇಗಿದ್ದಾಳೋ?"

ಹುಡುಗ ಗ್ಲೌಸು ಕಳಚಿ ಕಂಕುಳಿಗೆ ಸಿಕ್ಕಿಸಿಕೊಂಡ.

"ಮನೆಗೆ ಬಂದಿದ್ದಾಳೆ. ಕೋಲು ಹಿಡ್ಕೊಂಡು ಓಡಾಡ್ತಾಳೆ. ಮಾಮ ಸಿಕ್ಕಿದ್ರೆ ಕೇಳು ಅಂದಿದ್ಲು, ಆ ಹಗ್ಗ ಇನ್ನೂ ಇದೆಯಾ ಅಂತ."

"ಇದೆ ಅಂತ ಹೇಳು."

ಬಸ್ಸು ಹಾರ್ನ್ ಹಾಕಿತು. ಹುಡುಗ ಕಂಬಿಯ ಮೇಲಿದ್ದ ಮಾಮನ ಕೈಯನ್ನು ಒಮ್ಮೆ ಒತ್ತಿ ಓಡಿದ.

ಹೆಲಿಕಾಪ್ಟರ್ ಇಳಿಸಲು ನನಗಿನ್ನೂ ಜಾಗ ಸಿಕ್ಕಿಲ್ಲ. ಈ ಕಥೆಗೂ ಅಷ್ಟೇ. ಮಾಮ ಕೋಣೆಗೆ ಹೋಗಿ ಹಗ್ಗವನ್ನು ಮೊಳೆಗೆ ನೇತುಹಾಕಿದ. ಅದು ಕುಗ್ಗಿದೆ ಎಂದು ಅವನು ಹುಡುಗನಿಗೆ ಹೇಳಲಿಲ್ಲ.