ಮುದುಕಪ್ಪನ ಎರಡು ಪೆಟ್ಟಿಗೆಗಳು

ಚಳಿಗಾಲ ಇನ್ನೂ ಅರ್ಧವೂ ಕಳೆದಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ನೆಲಮಾಳಿಗೆಯ ಹಳೆಯ ಯಂತ್ರ ಜೋರಾಗಿ ಕೆಮ್ಮಿ, ಒಮ್ಮೆ ಮೈ ಕೊಡವಿ, ತಣ್ಣಗಾಯಿತು. ಚಳಿಗೆ ಬಿಸಿಗಾಳಿ, ಸೆಕೆಗೆ ತಣ್ಣನೆ ಗಾಳಿ, ಎರಡನ್ನೂ ತಗಡಿನ ಕೊಳವೆಗಳಲ್ಲಿ ಮನೆಯ ಮೂರು ಮಹಡಿಗೂ ಊದುತ್ತಿದ್ದ ಯಂತ್ರ ಅದು. ಮನೆಯವರು ಅದಕ್ಕೆ ಮುದುಕಪ್ಪ ಎಂದು ಹೆಸರಿಟ್ಟಿದ್ದರು. ಅವನ ಉಸಿರು ನಿಂತದ್ದು ತಿಳಿದಾಗ ನಡುಮಹಡಿಯಲ್ಲಿ ಮಲಗಿದ್ದ ತಾಯಿಗೆ ಗಾಬರಿಯಾಗಲಿಲ್ಲ, ಒಳಗೊಳಗೇ ಹಾಯೆನಿಸಿತು. ಇನ್ನು ಹೊಸದು ಹಾಕಿಸಲೇಬೇಕು. ಹೊಸದು ಬಂದರೆ ಸೊಸೆಯರ ಜಗಳ ನಿಂತೀತು. ಜಗಳ ನಿಂತರೆ ಕಿರಿಮಗ ಮನೆ ಬಿಟ್ಟು ಹೋಗುವುದು ತಪ್ಪೀತು.

ಕಿರಿಮಗ ಆಗಲೇ ಬೇರೆ ಮನೆ ಗೊತ್ತುಮಾಡಿ, ಬರುವ ಭಾನುವಾರಕ್ಕೆ ಲಾರಿಯವನಿಗೂ ಹೇಳಿ ಬಂದಿದ್ದ.

ಜಗಳವೆಲ್ಲ ಈ ಗಾಳಿಯದೇ. ಕೆಳಗೆ ಹಿರಿಮಗನ ಸಂಸಾರ, ಮೇಲೆ ಕಿರಿಮಗನದು. ಚಳಿಗಾಲ ಬಂತೆಂದರೆ ಕೆಳಗಿನವರು ಹಲ್ಲು ಕಟಕಟ ಎನ್ನಿಸುತ್ತಿದ್ದರು, ಮೇಲಿನವರು ಬೆವರು ಒರೆಸಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ತಿರುಗಾಮುರುಗಾ. ಕೆಳಗಿನವರು ಬೀಸಣಿಗೆ ಹಿಡಿದರೆ ಮೇಲಿನವರು ಕಂಬಳಿ ಹೊದೆಯುತ್ತಿದ್ದರು.

"ಮೇಲಿರೋ ಮಹಾರಾಣಿಗೆ ನಮ್ಮ ಪಾಲಿನ ಬಿಸೀನೂ ಬೇಕಂತೆ," ಎಂದು ಹಿರಿಸೊಸೆ ಮೂಗು ಮುರಿಯುವಳು.

"ನಮ್ಮನ್ನ ಬೇಯಿಸಿ ಓಡಿಸೋ ಉಪಾಯ ಅತ್ತೆ ಇದು," ಎಂದು ಕಿರಿಸೊಸೆ ಕಣ್ಣಲ್ಲಿ ನೀರು ತರುವಳು. "ಅಕ್ಕ ಕೆಳಗೆ ಗೋಡೆ ಪೆಟ್ಟಿಗೆ ಗುಂಡಿ ತಿರುಗಿಸಿದ್ದನ್ನ ಕಣ್ಣಾರೆ ನೋಡ್ದೆ. ನಾನು ಮೆಟ್ಟಿಲು ಹತ್ತೋದ್ರೊಳಗೆ ನಮ್ಮನೆ ಒಲೆ ಆಗಿತ್ತು!"

ಯಾರದು ಸುಳ್ಳೆಂದು ನೋಡಲು ತಾಯಿ ಕೆಳಗೆ ಹೋಗಿ ಕೂತರೆ ಕಾಲು ಮರಗಟ್ಟುತ್ತಿತ್ತು. ಮೇಲೆ ಹೋಗಿ ಕೂತರೆ ತಲೆ ಸುತ್ತುತ್ತಿತ್ತು. ಇಬ್ಬರದೂ ನಿಜವೇ. ಇಬ್ಬರದೂ ನಿಜವಾದರೆ ತಪ್ಪು ಯಾರದು? ತಲೆಬುಡ ತಿಳಿಯದೆ ಆಕೆ ಇಬ್ಬರ ಮೇಲೂ ಸ್ವಲ್ಪ ಸ್ವಲ್ಪ ಸಿಟ್ಟಾಗಿ ತನ್ನ ಮಹಡಿಗೆ ಮರಳುತ್ತಿದ್ದಳು. ಅಲ್ಲಿ ಬಿಸಿಯೂ ಇಲ್ಲ, ಚಳಿಯೂ ಇಲ್ಲ.

ಹೊಸ ಯಂತ್ರದ ಜೊತೆ ಬಂದ ಮೆಕ್ಯಾನಿಕ್ ಮಾತಿನ ಮಲ್ಲ. "ಹೊಸದು ಕೂರಿಸೋದು ನನ್ನ ಕೆಲಸ, ಹಳೇ ಕಬ್ಬಿಣ ಸಾಗಿಸೋದು ನಿಮ್ದು," ಎಂದು ಮೊದಲೇ ಹೇಳಿಬಿಟ್ಟ. ಗಂಡಸರೆಲ್ಲ ಸೇರಿ ಮುದುಕಪ್ಪನನ್ನು ಬಿಚ್ಚಿ, ತುಂಡು ತುಂಡಾಗಿ ಹೊತ್ತು, ಬಾಗಿಲ ಮುಂದೆ ರಾಶಿ ಹಾಕಿದರು. ಶನಿವಾರ ಸಂಜೆ ಹೊಸದು ಊದಲು ಶುರುಮಾಡಿತು.

"ಗೋಡೆ ಮೇಲಿನ ಹಳೇ ಪೆಟ್ಟಿಗೆಗಳನ್ನೂ ಕೊಡಿ," ಎಂದ ಮೆಕ್ಯಾನಿಕ್. ಕೆಳಗೊಂದು, ಮೇಲೊಂದು, ಅಂಗೈಯಗಲದ ಪೆಟ್ಟಿಗೆ. ಗುಂಡಿ ಏರಿಸಿದರೆ ಬಿಸಿ, ಇಳಿಸಿದರೆ ತಂಪು. ತಂತಿ ಇಲ್ಲ, ನೆಲಮಾಳಿಗೆಗೆ ಗಾಳಿಯಲ್ಲೇ ಸುದ್ದಿ ಮುಟ್ಟಿಸುತ್ತಿತ್ತು.

ಎರಡನ್ನೂ ಮಗುಚಿ ನೋಡಿದ ಮೆಕ್ಯಾನಿಕ್ ಹುಬ್ಬು ಗಂಟಿಕ್ಕಿದ. ಒಂದರ ಬೆನ್ನಿಗೆ ಕೆಂಪು ಚುಕ್ಕೆ, ಇನ್ನೊಂದಕ್ಕೆ ಹಸಿರು. "ಕೆಂಪಿಂದು ಎಲ್ಲಿತ್ತು?"

"ನಮ್ಮಲ್ಲಿ, ಕೆಳಗೆ," ಎಂದಳು ಹಿರಿಸೊಸೆ.

"ಸರಿಯಾಗಿ ಹೇಳಿ ಅಕ್ಕ. ನೆಲಮಾಳಿಗೇಲಿ ಕೆಂಪು ಚುಕ್ಕೆ ಇರೋ ಕೊಳವೆ ಮೇಲಕ್ಕೆ ಹೋಗ್ತದೆ. ಇದು ಕೆಳಗಿತ್ತು ಅಂದ್ರೆ, ನೀವು ಗುಂಡಿ ತಿರುಗಿಸಿದ್ರೆ ಬಿಸಿ ಹೋಗೋದು ಅವ್ರಿಗೆ! ಇದೇನ್ರಪ್ಪಾ, ನನಗೇ ತಲೆ ಕೆಟ್ಟೋಯ್ತು."

ಎಲ್ಲರೂ ಕಕ್ಕಾಬಿಕ್ಕಿಯಾದರು. ತಾಯಿಗೆ ಮಾತ್ರ ಆರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಆಗ ಹಿರಿಮಗನೇ ಮೇಲಿದ್ದ. ಹಿರಿಸೊಸೆಗೆ ಮಂಡಿನೋವು ಬಂದು ಮೆಟ್ಟಿಲು ಹತ್ತಲಾಗದೆ ಅಣ್ಣತಮ್ಮಂದಿರು ಮಹಡಿ ಬದಲಾಯಿಸಿಕೊಂಡರು. ಅವರವರ ಸಾಮಾನು ಅವರವರಿಗೆ ಎಂದು ಮಂಚ, ಪಾತ್ರೆ, ಪರದೆಯ ಕಡ್ಡಿ ಎಲ್ಲ ಹೊತ್ತರು. ಅಣ್ಣ ಸ್ಟೂಲಿನ ಮೇಲೆ ನಿಂತು ಗೋಡೆಯ ಪೆಟ್ಟಿಗೆಯನ್ನೂ ಬಿಚ್ಚುತ್ತಿದ್ದ, ತಮ್ಮ ಸ್ಟೂಲು ಹಿಡಿದಿದ್ದ. ಇಬ್ಬರೂ ಅದೇನೋ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಪೆಟ್ಟಿಗೆ ಮಹಡಿಯದು, ಮನುಷ್ಯರದಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಆಕೆ ಅದನ್ನು ಹೇಳಿ ಮುಗಿಸಿದ ಮೇಲೆ ಮೊದಲು ಬಾಯಿಬಿಟ್ಟವಳು ಕಿರಿಸೊಸೆ. "ಅಂದ್ರೆ ನನ್ನನ್ನ ಬೇಯಿಸ್ತಿದ್ದದ್ದು ನೀವೇ ಅಕ್ಕ."

"ನಾನು ಚಳಿ ತಡೀಲಾರದೆ ಏರಿಸ್ದೆ ಕಣೇ. ನೀನು ಇಳಿಸಿ ಇಳಿಸಿ ನನ್ನ ಮಂಡಿ ಹಿಡಿಸ್ದೆ."

"ನಾನು ಸೆಕೆ ತಡೀಲಾರದೆ ಇಳಿಸ್ದೆ."

ಮತ್ತೆ ಇಬ್ಬರದೂ ನಿಜ. ಕ್ಷಮೆ ಕೇಳೋಣವೆಂದರೆ ಯಾರು ಯಾರನ್ನು ಕೇಳಬೇಕು? ಆಡಿದ ಮಾತುಗಳೇನೂ ಪೆಟ್ಟಿಗೆಯವಲ್ಲವಲ್ಲ. ಅಷ್ಟು ದಿನದ ಸಿಟ್ಟನ್ನು ಇನ್ನೆಲ್ಲಿ ಇಡುವುದೆಂದು ತಾಯಿಗೂ ತಿಳಿಯಲಿಲ್ಲ. ಹೋಗುವುದೋ ಇರುವುದೋ ಯಾರೂ ಹೇಳಲಿಲ್ಲ. ಮೇಲಿನ ಗಂಟುಮೂಟೆ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಲಾರಿ ಬಂದು ಹಾರನ್ ಹೊಡೆಯಿತು.

"ಏನೋ, ಬೇಡ ಅಂತ ಹೇಳ್ಲಿಲ್ವಾ?" ಅಣ್ಣ ಕೇಳಿದ.

"ಬೇಡ ಅಂತ ಯಾರು ಹೇಳಿದ್ರು?" ತಮ್ಮ ಹೆಂಡತಿಯ ಮುಖ ನೋಡಿದ.

"ಸಾಮಾನು ಎಲ್ಲಿ ಸ್ವಾಮೀ, ಹೊತ್ತಾಯ್ತು," ಎಂದ ಲಾರಿಯವನು.

"ಇಕೋ, ಇಲ್ಲೇ ಇದೆಯಲ್ಲಪ್ಪ!" ಹಿರಿಸೊಸೆ ಬಾಗಿಲ ಮುಂದಿನ ಮುದುಕಪ್ಪನ ರಾಶಿ ತೋರಿಸಿದಳು. ನೋಯುವ ಮಂಡಿಯಲ್ಲೇ ಬಗ್ಗಿ ಒಂದು ಕೊಳವೆ ಎತ್ತಿದಳು.

"ಅಕ್ಕಾ, ಅದನ್ನೆಲ್ಲ ತುಂಬಿದ್ರೆ ನಮ್ಮ ಮಂಚಕ್ಕೆ ಜಾಗ ಎಲ್ಲಿ?"

"ಇರಲ್ಲ ಅಲ್ವಾ? ಹಾಗಾದ್ರೆ ಸುಮ್ನೆ ನಿಂತ್ಕೋಬೇಡ, ಆ ಕಡೆ ಹಿಡಿ ಬಾ."

ಕಿರಿಸೊಸೆ ತೋಳೇರಿಸಿಕೊಂಡು ಕೊಳವೆಯ ಇನ್ನೊಂದು ತುದಿ ಹಿಡಿದಳು.

ತಾಯಿಗೆ ಇನ್ನೂ ಗಲಿಬಿಲಿ. "ಹೋಗ್ತೀರೋ, ಇರ್ತೀರೋ? ಒಂದು ಹೇಳ್ಬಾರ್ದಾ?"

"ಮೊದ್ಲು ಈ ಮುದುಕಪ್ಪನ್ನ ಕಳಿಸೋಣ ಇರಿ ಅತ್ತೆ," ಎಂದಳು ಕಿರಿಸೊಸೆ ಏದುಸಿರು ಬಿಡುತ್ತ.

ಎರಡು ಪೆಟ್ಟಿಗೆಗಳನ್ನೂ ಹಿರಿಮಗ ರಾಶಿಯ ಮೇಲೆ ಎಸೆದ. ಲಾರಿ ತುಂಬಿತು, ಗುಜರಿಯ ದಾರಿ ಹಿಡಿಯಿತು. ಆ ಭಾನುವಾರ ಮನೆಯಿಂದ ಹೋದವನು ಮುದುಕಪ್ಪ ಒಬ್ಬನೇ.